ಐಸಿಯುಗೆ ಕಾರ್ಡು ಇದೆ, ಸ್ಟ್ರಿಪ್‌ಗೆ ಇಲ್ಲ: ದೇವದುರ್ಗ ತಾಲ್ಲೂಕಿನ ಒಂದು ಮನೆಯ ಲೆಕ್ಕ

ನಮ್ಮ ಶಾಲೆಯ ಐದನೇ ತರಗತಿಯ ಒಬ್ಬ ಹುಡುಗಿಯ ಮನೆಯ ಲೆಕ್ಕ ಇದು. ರಾಯಚೂರು ಜಿಲ್ಲೆ, ದೇವದುರ್ಗ ತಾಲ್ಲೂಕು, ಒಂದು ಸಣ್ಣ ಊರು. ಊರಿನ ಹೆಸರು, ಮನೆಯವರ ಹೆಸರು ಬರೆಯುವುದಿಲ್ಲ. ಹೆಣ್ಣುಮಗು, ನಾಳೆ ಮದುವೆ ಮಾತು ಬಂದಾಗ ಇದು ಅಡ್ಡ ಬರಬಾರದು ಅಂತ ಅವಳ ಅಜ್ಜಿ ಕೈ ಮುಗಿದು ಕೇಳಿದ್ದಾರೆ. ಉಳಿದದ್ದೆಲ್ಲ ಬರೆಯಿರಿ ಅಂದಿದ್ದು ಅವಳ ಅವ್ವ. "ಬರೀರಿ ಸರ, ಮತ್ತೊಬ್ಬರ ಮನ್ಯಾಗ ಹಿಂಗ ಆಗಬಾರ್ದು" ಅಂದರು.

ಹುಡುಗಿಗೆ ಟೈಪ್ 1 ಮಧುಮೇಹ. ದೊಡ್ಡವರಿಗೆ ಬರುವ ಶುಗರ್ ಬೇರೆ, ಇದು ಬೇರೆ. ಮೈಯ ರೋಗನಿರೋಧಕ ಶಕ್ತಿಯೇ ತಪ್ಪು ತಿಳಿದು, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಹಾಳು ಮಾಡಿಬಿಡುತ್ತೆ. ಮಾತ್ರೆ ನಡೆಯಲ್ಲ, ಪಥ್ಯದಿಂದ ವಾಸಿಯಾಗಲ್ಲ. ಬದುಕಿರುವ ತನಕ ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಸಿಹಿ ತಿಂದದ್ದಕ್ಕೆ ಬರುವ ಕಾಯಿಲೆ ಇದಲ್ಲ. ಆದರೆ ಊರಲ್ಲಿ ಎಲ್ಲರೂ "ಬೆಲ್ಲ ಜಾಸ್ತಿ ತಿನ್ನಿಸಿದಿ" ಅಂತ ಅವ್ವನನ್ನೇ ಅಂದರು. ಸಾಲದ ಹೊರೆಗಿಂತ ಮೊದಲು ಅವರ ತಲೆ ಮೇಲೆ ಬಿದ್ದದ್ದು ಈ ಮಾತಿನ ಹೊರೆ.

ಮನೆಯಲ್ಲಿ ಐದು ಜನ. ಅಪ್ಪ, ಅವ್ವ, ಅಜ್ಜಿ, ಈ ಹುಡುಗಿ, ಅವಳ ತಮ್ಮ. ಎರಡು ಎಕರೆ ಎರೆ ಹೊಲ, ಮಳೆ ನಂಬಿದ ಬೇಸಾಯ. ಹತ್ತಿ ಹಾಕುತ್ತಾರೆ, ನಡುವೆ ಒಂದಿಷ್ಟು ತೊಗರಿ ಸಾಲು. ಕಾಲುವೆ ನೀರು ಪಕ್ಕದ ಊರಿನ ತನಕ ಬಂದಿದೆ, ಇವರ ಹೊಲಕ್ಕೆ ಬಂದಿಲ್ಲ. ಹತ್ತಿ ಬಿಡಿಸಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗಿ, ಕಟ್ಟಡದ ಕೆಲಸ ಮಾಡಿ, ಮುಂಗಾರಿಗೆ ಮೊದಲು ವಾಪಸ್ ಬರುತ್ತಿದ್ದರು. ಮಕ್ಕಳು ಅಜ್ಜಿ ಹತ್ತಿರ. ವರ್ಷದ ಕೈಕಾಸು, ಹಳೇ ಸಾಲದ ಕಂತು, ಬೀಜ ಗೊಬ್ಬರ, ಹಬ್ಬದ ಬಟ್ಟೆ ಎಲ್ಲ ಆ ಗುಳೆ ದುಡ್ಡಲ್ಲೇ ಆಗಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಕಾಯಿಲೆ ಮುರಿದದ್ದು ಇದನ್ನೇ.

ಶುರುವಾಗಿದ್ದು 2023ರ ಆಗಸ್ಟ್‌ನಲ್ಲಿ. ಅವಳಾಗ ಮೂರನೇ ತರಗತಿ, ಎಂಟು ವರ್ಷ. ಆ ವಾರ ಪಾಠದ ನಡುವೆ ಒಂದಕ್ಕೆ ಹೋಗ್ತೀನಿ ಅಂತ ಪದೇ ಪದೇ ಎದ್ದು ನಿಲ್ಲುತ್ತಿದ್ದಳು. ನಾಲ್ಕನೇ ಸಲ ನಾನು ಗದರಿದೆ. ಬಾಟಲಿ ಬಾಟಲಿ ನೀರು ಕುಡಿಯುತ್ತಿದ್ದಳು. ಹೊಟ್ಟೆ ತುಂಬ ಉಂಡರೂ ಮೈ ಇಳಿಯುತ್ತಿತ್ತು, ಲಂಗ ಸೊಂಟದಲ್ಲಿ ನಿಲ್ಲದೆ ಪಿನ್ನು ಹಾಕಿಕೊಂಡು ಬರುತ್ತಿದ್ದಳು. ಅವಳು ಒಂದಕ್ಕೆ ಕೂತ ಜಾಗದಲ್ಲಿ ಇರುವೆ ಮುತ್ತಿದ್ದನ್ನು ಅಜ್ಜಿ ನೋಡಿದ್ದರಂತೆ. ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಆಮೇಲೆ ವಾಂತಿ, ಹೊಟ್ಟೆನೋವು, ಸುಸ್ತು. ವಾಂತಿ ಸುಸ್ತು ಅಂದರೆ ನಮ್ಮ ಕಡೆ ಮೊದಲು ಹಾಕಿಸೋದು ಗ್ಲುಕೋಸ್. ಹಾಕಿಸಿದರು, ಮೂರು ದಿನ ಮೂರು ಬಾಟಲಿ, 2,400 ರೂಪಾಯಿ. ರಕ್ತದಲ್ಲಿ ಸಕ್ಕರೆ ಉಕ್ಕುತ್ತಿದ್ದ ಮಗುವಿಗೆ ಸಕ್ಕರೆ ನೀರನ್ನೇ ಏರಿಸಿದ ಹಾಗಾಯಿತು. ವಾಂತಿ ಸುಸ್ತು ಇಳಿಯಲಿಲ್ಲ ಅಂತ ತಾಲ್ಲೂಕಿನಲ್ಲಿ ಇನ್ನೊಂದು ಕಡೆ ಟೈಫಾಯ್ಡ್ ಪರೀಕ್ಷೆ, ಸ್ಕ್ಯಾನಿಂಗ್, ಔಷಧಿ ಅಂತ 3,200. ಅಷ್ಟರಲ್ಲಿ ಮಗು ಜೋರಾಗಿ ಏದುಸಿರು ಬಿಡೋಕೆ ಶುರು ಮಾಡಿತು, ಕಣ್ಣು ಬಿಡುತ್ತಿರಲಿಲ್ಲ. ರಾತ್ರಿ ಗಾಡಿ ಮಾಡಿಕೊಂಡು ರಾಯಚೂರಿಗೆ ಓಡಿದರು, 2,500. ದಾರಿಯಲ್ಲಿ ಮೊದಲು ಸಿಕ್ಕ ಖಾಸಗಿ ಆಸ್ಪತ್ರೆಗೆ ಹಾಕಿದರು. ಅಲ್ಲಿ ಬಿಪಿಎಲ್ ಕಾರ್ಡು ನಡೆಯಲ್ಲ ಅಂದರು. ಎರಡು ದಿನದ ಐಸಿಯು ಬಿಲ್ಲು 46,000. ದುಡ್ಡು ಮುಗಿಯಿತು ಅಂತ ಸರ್ಕಾರಿ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಒಂದು ವಾರ ಇದ್ದರು. ಚಿಕಿತ್ಸೆಗೆ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಮಗು ಉಳಿದದ್ದು ಅಲ್ಲಿಯೇ. ಊಟ, ಓಡಾಟ, ಹೊರಗಿಂದ ತಂದ ಸಣ್ಣಪುಟ್ಟ ಸಾಮಾನು ಸೇರಿ 6,400 ಆಯಿತು. ಒಟ್ಟು 60,500 ರೂಪಾಯಿ.

ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು, ಶುಗರ್ ನೋಡುವ ಮಷೀನಿಗೆ ಹಾಕುವ 17 ರೂಪಾಯಿಯ ಒಂದು ಸ್ಟ್ರಿಪ್‌ಗೆ ಮುಟ್ಟಿಸಿದ್ದರೆ ಮೊದಲನೇ ದಿನವೇ ಗೊತ್ತಾಗುತ್ತಿತ್ತು. ಮಗು ಜಾಸ್ತಿ ನೀರು ಕುಡಿಯುತ್ತಾ, ಜಾಸ್ತಿ ಒಂದಕ್ಕೆ ಹೋಗುತ್ತಾ, ಸೊರಗುತ್ತಾ ಇದ್ದರೆ ದಯವಿಟ್ಟು ಮೊದಲು ಅದೊಂದನ್ನು ಮಾಡಿಸಿ. ಗ್ಲುಕೋಸ್ ಬಾಟಲಿ ಆಮೇಲೆ.

60,500 ಎಲ್ಲಿಂದ ಬಂತು ಅಂತ ಕೇಳಿದೆ. ಕೈಯಲ್ಲಿದ್ದದ್ದು 6,500. ಅವ್ವನ ಅಣ್ಣ ಕೊಟ್ಟದ್ದು 2,000. ಮದುವೆಯಲ್ಲಿ ತವರಿನವರು ಹಾಕಿದ್ದ ಬೋರಮಳ ಸರ ಒತ್ತೆ ಇಟ್ಟು 22,000. ಉಳಿದ 30,000 ಫೈನಾನ್ಸ್‌ನ ಸಂಘದ ಸಾಲ, ವಾರಕ್ಕೆ 680 ರೂಪಾಯಿಯಂತೆ 50 ವಾರ. ಸಂಘದ ಸಾಲವನ್ನು ತೀರಿಸಿದರು, ಅದು ಅವರ ಹಟ. ಪ್ರತಿ ಮಂಗಳವಾರ ಬೆಳಿಗ್ಗೆ ಕಂತು. ಒಬ್ಬರು ಕಟ್ಟದಿದ್ದರೆ ಉಳಿದ ಹೆಂಗಸರು ಕಟ್ಟಬೇಕು, ಹಾಗಾಗಿ ಓಣಿಯಲ್ಲಿ ತಲೆ ಎತ್ತಿ ತಿರುಗಬೇಕಾದರೆ ಹೊಟ್ಟೆಗೆ ಇಲ್ಲದಿದ್ದರೂ ಕಂತು ಕಟ್ಟಲೇಬೇಕು. ಬೋರಮಳ ಮಾತ್ರ ಇವತ್ತಿಗೂ ಒತ್ತೆಯಲ್ಲೇ ಇದೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ.

ಇಷ್ಟನ್ನು ಕೇಳಿದವರು ದೊಡ್ಡ ಖರ್ಚು ಆಗಿಹೋಯಿತು, ಇನ್ನು ನಿಧಾನಕ್ಕೆ ಸುಧಾರಿಸುತ್ತಾರೆ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ತಪ್ಪು. ಈ ಮನೆಯನ್ನು ತಿಂದದ್ದು ಆಸ್ಪತ್ರೆ ಬಿಲ್ಲು ಅಲ್ಲ, ಅದರ ನಂತರದ ಸಣ್ಣ ಸಣ್ಣ ಖರ್ಚು. ಅದಕ್ಕೆ ಕೊನೆ ಇಲ್ಲ.

2024ರ ಜೂನ್‌ನಲ್ಲಿ ಶಾಲೆ ಶುರುವಾದಾಗ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು, ಖರ್ಚನ್ನೆಲ್ಲ ಬರೆದಿಡಿ ಅಂದೆ. ಸರ್ಕಾರಕ್ಕೆ, ಸಂಸ್ಥೆಗಳಿಗೆ ಅರ್ಜಿ ಹಾಕಬೇಕಾದರೆ ಲೆಕ್ಕ ಬೇಕಾಗುತ್ತೆ ಅನ್ನೋದು ನನ್ನ ಯೋಚನೆ. ಅವ್ವನಿಗೆ ಓದು ಬರಹ ಅಷ್ಟಾಗಿ ಬರಲ್ಲ. ಅವ್ವ ಹೇಳುತ್ತಿದ್ದರು, ಹುಡುಗಿ ಬರೆಯುತ್ತಿದ್ದಳು. ಎಡಗಡೆ ಪುಟದಲ್ಲಿ ಖರ್ಚು, ಬಲಗಡೆ ಪುಟದಲ್ಲಿ ದಿನದ ಶುಗರ್. ಒಂಬತ್ತು ವರ್ಷದ ಮಗು ತನಗೆ ಎಷ್ಟು ಖರ್ಚಾಗುತ್ತಿದೆ ಅಂತ ತಾನೇ ಗುಂಡಗೆ ಬರೆದುಕೊಂಡು, ಕೆಳಗೆ ಗೆರೆ ಎಳೆದು ಕೂಡಿಸುತ್ತಿತ್ತು. ಆ ಕೆಲಸವನ್ನು ಅವಳ ಕೈಗೆ ಕೊಟ್ಟದ್ದು ನಾನೇ. ಅದರ ಫಲ ಏನಾಯಿತು ಅಂತ ಮುಂದೆ ಹೇಳುತ್ತೇನೆ.

2024ರ ಜೂನ್‌ನಿಂದ 2025ರ ಮೇ ತನಕದ ಲೆಕ್ಕ ಇದು. ಇನ್ಸುಲಿನ್‌ಗೆ ಆ ಇಡೀ ವರ್ಷ ಕೈಯಿಂದ ಹೋದದ್ದು 1,700 ರೂಪಾಯಿ ಮಾತ್ರ. ಕೇಳಿದರೆ ಆಶ್ಚರ್ಯ ಆಗುತ್ತೆ ಅಲ್ವಾ? ಏಳು ತಿಂಗಳು ಸರ್ಕಾರಿ ಆಸ್ಪತ್ರೆಯಲ್ಲೇ ಸಿಕ್ಕಿತು. ಸ್ಟಾಕ್ ಇಲ್ಲ ಅಂದ ಐದು ತಿಂಗಳು ತಿಂಗಳಿಗೆ ಎರಡು ಬಾಟಲಿ ಹೊರಗೆ ಕೊಂಡರು, ಬಾಟಲಿಗೆ 170. ಇದು ಹಳೇ ಮಾದರಿಯ ಇನ್ಸುಲಿನ್, ಸರ್ಕಾರ ಬೆಲೆ ಕಟ್ಟಿಹಾಕಿರುವ ಔಷಧಿ, ಹಾಗಾಗಿ ಬಡವರ ಕೈಗೂ ಎಟುಕುತ್ತೆ.

ಸ್ಟ್ರಿಪ್ ಹಾಗಲ್ಲ. 50 ಸ್ಟ್ರಿಪ್‌ನ ಒಂದು ಡಬ್ಬಿಗೆ 850 ರೂಪಾಯಿ. ನಾಲ್ಕು ಸಲ ಇನ್ಸುಲಿನ್ ತೆಗೆದುಕೊಳ್ಳುವ ಮಗುವಿಗೆ ದಿನಕ್ಕೆ ಕನಿಷ್ಠ ನಾಲ್ಕು ಸಲ ಶುಗರ್ ನೋಡಿ ಅಂತ ವೈದ್ಯರು ಹೇಳಿದ್ದರು. ಶುಗರ್ ನೋಡದೆ ಸೂಜಿ ಹಾಕೋದು ಅಂದರೆ ಕಣ್ಣು ಕಟ್ಟಿಕೊಂಡು ಬಾವಿ ಕಟ್ಟೆ ಮೇಲೆ ನಡೆದ ಹಾಗೆ. ಜಾಸ್ತಿ ಬಿದ್ದರೆ ಸಕ್ಕರೆ ಇಳಿದು ಮಗು ಕುಸಿಯುತ್ತೆ, ಕಡಿಮೆ ಬಿದ್ದರೆ ಏರಿ ಐಸಿಯುಗೆ ಹೋಗುತ್ತೆ. ದಿನಕ್ಕೆ ನಾಲ್ಕು ಅಂದರೆ ವರ್ಷಕ್ಕೆ 1,460 ಸ್ಟ್ರಿಪ್, ಹತ್ತಿರ ಹತ್ತಿರ 25,000 ರೂಪಾಯಿ. ಅವರು ಕೊಂಡದ್ದು 11 ಡಬ್ಬಿ, 9,350 ರೂಪಾಯಿ. ಅಂದರೆ 550 ಸ್ಟ್ರಿಪ್, ದಿನಕ್ಕೆ ಒಂದೂವರೆ. ಹನ್ನೊಂದು ಡಬ್ಬಿಯೂ ಸುಮ್ನೆ ಬಂದದ್ದಲ್ಲ. ಗೃಹಲಕ್ಷ್ಮಿಯ 2,000 ಬಂದ ದಿನ ಅವ್ವ ಮೊದಲು ಹೋಗುತ್ತಿದ್ದದ್ದು ಔಷಧಿ ಅಂಗಡಿಗೆ. ಆ ದುಡ್ಡು ಬರೋದು ತಡವಾದ ತಿಂಗಳು ನೋಟ್‌ಬುಕ್‌ನ ಬಲಗಡೆ ಪುಟ ಖಾಲಿ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಸಿರಿಂಜು ಮತ್ತು ಬೆರಳಿಗೆ ಚುಚ್ಚೋ ಸೂಜಿ 1,900. ಮೂರು ತಿಂಗಳ ಶುಗರ್ ಸರಾಸರಿ ತಿಳಿಸುವ ರಕ್ತ ಪರೀಕ್ಷೆ ಮತ್ತು ಬೇರೆ ಪರೀಕ್ಷೆಗಳು 2,600. ಆಟೋ, ಎರಡು ಸಲ ರಾತ್ರಿ ಮಾಡಿದ ಗಾಡಿ ಸೇರಿ 4,700. ಆಸ್ಪತ್ರೆಗೆ ಹೋದ ದಿನಗಳ ಹೊರಗಿನ ಊಟ 2,400. ಹಾಲು, ಮೊಟ್ಟೆ, ಗ್ಲುಕೋಸ್ ಪುಡಿ 3,650. ಜನವರಿಯಲ್ಲಿ ಮತ್ತೆ ಆಸ್ಪತ್ರೆಗೆ ಸೇರಿಸಿದಾಗ ಚಿಕಿತ್ಸೆ ಬಿಟ್ಟು ಆದ ಖರ್ಚು 5,200. ಬೋರಮಳದ ಬಡ್ಡಿ 5,280. ಎಲ್ಲ ಸೇರಿ 36,780 ರೂಪಾಯಿ. ಆ ವರ್ಷ ಮನೆಗೆ ಬಂದ ಒಟ್ಟು ದುಡ್ಡು ಹೆಚ್ಚು ಕಡಿಮೆ 1,40,000. ನಾಲ್ಕರಲ್ಲಿ ಒಂದು ಪಾಲು ಒಂದು ಮಗುವಿನ ಕಾಯಿಲೆಗೆ ಹೋಯಿತು. ಮನೆಯ ಖರ್ಚಿನಲ್ಲಿ ಔಷಧೋಪಚಾರ ಶೇ 10 ದಾಟಿದರೇ ಅದು ಆ ಮನೆಗೆ ದೊಡ್ಡ ಹೊರೆ ಅಂತ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಲೆಕ್ಕ 2025ರ ತನಕ ಹೇಳುತ್ತಿತ್ತು.

ನೋಟ್‌ಬುಕ್‌ನಲ್ಲಿ ಇಲ್ಲದ ಲೆಕ್ಕ ಇನ್ನೂ ದೊಡ್ಡದು. ಅವ್ವ ಆ ವರ್ಷ 41 ದಿನ ಕೂಲಿ ಬಿಟ್ಟಿದ್ದಾರೆ. ದಿನಕ್ಕೆ 300 ಅಂದರೂ 12,300. ಅದಕ್ಕಿಂತ ಮುಖ್ಯ, ಅವರು ಗುಳೆ ಹೋಗೋದೇ ನಿಂತಿತು. ಅಜ್ಜಿಗೆ ಕಣ್ಣು ಮಂಜು, ಸಿರಿಂಜಿನ ಗೆರೆ ಕಾಣಲ್ಲ. ಮಗಳಿಗೆ ಸೂಜಿ ಹಾಕೋಕೆ ಅವ್ವನೇ ಇರಬೇಕು. ಬೆಂಗಳೂರಿನಲ್ಲಿ ಹೆಣ್ಣಾಳಿಗೆ ದಿನಕ್ಕೆ 500 ಸಿಗುತ್ತಿತ್ತು, ನೂರು ದಿನ ದುಡಿದರೆ 50,000. ಈ ನಷ್ಟಕ್ಕೆ ಯಾವ ಅಂಗಡಿಯವನೂ ಬಿಲ್ಲು ಕೊಡಲ್ಲ. ಹಾಗಾಗಿ ಯಾವ ಅರ್ಜಿಯಲ್ಲೂ ಇದು ಖರ್ಚು ಅಂತ ಲೆಕ್ಕಕ್ಕೆ ಬರಲ್ಲ.

ಇನ್ನೊಂದು ಮಾತು. ಶಕ್ತಿ ಯೋಜನೆಯಿಂದ ಅವ್ವ ಮಗಳಿಗೆ ಬಸ್ಸು ಉಚಿತ, ಅದು ಇಲ್ಲದಿದ್ದರೆ ಇವರು ತಿಂಗಳು ತಿಂಗಳು ರಾಯಚೂರಿಗೆ ಹೋಗೋದು ಸಾಧ್ಯವೇ ಇರಲಿಲ್ಲ. ಆದರೆ ಅಪ್ಪನಿಗೆ ಟಿಕೆಟ್ಟು, ಮೇಲೆ ಒಂದು ದಿನದ ಕೂಲಿ. ಹಾಗಾಗಿ ಅವರು ಹೋಗೋದನ್ನೇ ಬಿಟ್ಟರು. ಸೂಜಿ ಹೇಗೆ ಹಾಕೋದು, ಸಕ್ಕರೆ ಇಳಿದರೆ ಏನು ಕೊಡೋದು, ಜ್ವರ ಬಂದರೆ ಏನು ಮಾಡೋದು, ಎಲ್ಲ ಪಾಠ ಅವ್ವ ಒಬ್ಬರಿಗೇ ಆಯಿತು. ಅಪ್ಪ ದುಡ್ಡು ಕಳಿಸೋದಕ್ಕೆ ಮಾತ್ರ ಅನ್ನೋ ಹಾಗಾಯಿತು. ಇದು ಯಾರ ತಪ್ಪೂ ಅಲ್ಲ, ಆದರೆ ಜನವರಿಯಲ್ಲಿ ಇದರ ಬೆಲೆ ಗೊತ್ತಾಯಿತು.

ಅದಕ್ಕೆ ಮೊದಲು ಸಿರಿಂಜಿನ ಕಥೆ ಹೇಳಬೇಕು, ಯಾಕಂದರೆ ಇದು ಯಾರ ಮನೆಯಲ್ಲಾದರೂ ಆಗಬಹುದು. ನಮ್ಮಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವುದು ಜಾಸ್ತಿ. ಅದಕ್ಕೆ ಕೆಂಪು ಟೋಪಿಯ ಸಿರಿಂಜು. ಕಿತ್ತಳೆ ಬಣ್ಣದ ಟೋಪಿಯದು 100 ಯೂನಿಟ್‌ನ ಇನ್ಸುಲಿನ್‌ಗೆ. 2024ರ ದಸರೆ ಹೊತ್ತಿಗೆ ಅಂಗಡಿಯಲ್ಲಿ ಕೆಂಪು ಇಲ್ಲ ಅಂತ ಕಿತ್ತಳೆಯದನ್ನು ಕೊಟ್ಟರು. ಅವ್ವ ಎಂದಿನಂತೆ 10ರ ಗೆರೆಗೆ ಎಳೆದರು. ಮಗುವಿನ ಮೈಗೆ ಹೋದದ್ದು 4 ಯೂನಿಟ್. ಐದು ದಿನ ಶುಗರ್ 300ರ ಮೇಲೆ. ಏನೋ ಕದ್ದು ತಿಂದಿದ್ದಾಳೆ ಅಂತ ಹುಡುಗಿಗೆ ಬೈಗುಳ. ಅವಳು ಅಳುತ್ತಾ ಶಾಲೆಗೆ ಬಂದಳು. ನಾನು ಸಂಜೆ ಮನೆಗೆ ಹೋಗಿ ನೋಡಿದಾಗ ಗೂಡಿನಲ್ಲಿ ಕಿತ್ತಳೆ ಟೋಪಿ ಕಂಡಿತು. ಅದು ನನಗೆ ಗೊತ್ತಿದ್ದದ್ದೂ ಆಸ್ಪತ್ರೆಯಲ್ಲಿ ನರ್ಸಮ್ಮ ಒಬ್ಬರು ಹೇಳಿದ್ದರಿಂದಲೇ. ಆವತ್ತು ಐದು ದಿನದ ಬೈಗುಳಕ್ಕೆ ಅವ್ವ ಮಗಳ ತಲೆ ಸವರಿ, "ತಪ್ಪಾತವ್ವಾ" ಅಂದರು.

ಇನ್ಸುಲಿನ್ ಇಡೋದಕ್ಕೆ ಮನೆಯಲ್ಲಿ ಫ್ರಿಜ್ ಇಲ್ಲ. ರಾಯಚೂರಿನ ಬೇಸಿಗೆ ನಿಮಗೆ ಗೊತ್ತೇ ಇದೆ, 40 ಡಿಗ್ರಿ ದಾಟೋದು ಸಾಮಾನ್ಯ. ಬಿಸಿಗೆ ಇನ್ಸುಲಿನ್ ಸತ್ವ ಕಳೆದುಕೊಳ್ಳುತ್ತೆ. ದೊಡ್ಡ ಗಡಿಗೆ ಒಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಮರಳು ತುಂಬಿ, ಮರಳಿಗೆ ದಿನಾ ಎರಡು ಸಲ ನೀರು ಹಾಕುತ್ತಾರೆ. ಮೇಲೆ ಹಸಿ ಬಟ್ಟೆ. ಫ್ರಿಜ್ಜಿನಷ್ಟು ಅಲ್ಲದಿದ್ದರೂ ಒಳಗೆ ಕೈ ಇಟ್ಟರೆ ತಣ್ಣಗೆ ತಾಗುತ್ತೆ. ಗಡಿಗೆಗೆ ನೀರು ಹಾಕೋದು ತಮ್ಮನ ಕೆಲಸ. ಅವನು ಅದನ್ನು ಅಕ್ಕನ ಗಡಿಗೆ ಅಂತ ಕರೆಯುತ್ತಾನೆ.

2025ರ ಜನವರಿ. ಹತ್ತಿ ಬಿಡಿಸೋ ಕೊನೆ ದಿನಗಳು. ಸಾಲದ ಚಿಂತೆಗೆ ಅಪ್ಪ ಆಗಲೇ ಬೆಂಗಳೂರಿಗೆ ಹೋಗಿದ್ದರು. ಅವ್ವ ಬೆಳಕು ಹರಿಯುವ ಮೊದಲೇ ಸೂಜಿ ಹಾಕಿ ಹೊಲಕ್ಕೆ ಹೋದರೆ ಬರೋದು ಸಂಜೆ. ಸ್ಟ್ರಿಪ್ ಡಬ್ಬಿ ಖಾಲಿಯಾಗಿ ಹನ್ನೆರಡು ದಿನ ಆಗಿತ್ತು. ಹುಡುಗಿಗೆ ಜ್ವರ ಬಂತು, ವಾಂತಿ ಆಯಿತು, ಉಣ್ಣಲಿಲ್ಲ. ಅಜ್ಜಿ ಹೇಳಿದರು, "ಉಂಡಿಲ್ಲ ಅಂದ್ರ ಸೂಜಿ ಯಾಕ? ಸಕ್ಕರಿ ಇಳದು ಏನರ ಆದೀತು." ಆ ಮಾತಿನಲ್ಲಿ ಪ್ರೀತಿಯೇ ಇತ್ತು. ಅವ್ವನಿಗೂ ಹೌದಲ್ಲ ಅನ್ನಿಸಿತು. ಒಂದೂವರೆ ದಿನ ಇನ್ಸುಲಿನ್ ನಿಂತಿತು. ಜ್ವರ ವಾಂತಿ ಇದ್ದಾಗ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು, ಶುಗರ್ ಇನ್ನೂ ಜಾಸ್ತಿ ಸಲ ನೋಡಬೇಕು, ಎಷ್ಟು ಹಾಕಬೇಕು ಅಂತ ವೈದ್ಯರನ್ನು ಕೇಳಬೇಕು. ಮನೆಯಲ್ಲಿ ಒಂದೇ ಒಂದು ಸ್ಟ್ರಿಪ್ ಇದ್ದಿದ್ದರೆ ಸಕ್ಕರೆ ಇಳಿದಿಲ್ಲ, ಏರಿದೆ ಅಂತ ಕಾಣುತ್ತಿತ್ತು. ಆಸ್ಪತ್ರೆಯಲ್ಲಿ ನೋಡಿದಾಗ 512.

ಈ ಸಲ ಸರ್ಕಾರಿ ಆಸ್ಪತ್ರೆಗೇ ನೇರ ಹೋದರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ. ಆರು ದಿನ, ಐಸಿಯು ಸೇರಿ, ಚಿಕಿತ್ಸೆಗೆ ಕೈಯಿಂದ ಕೊಟ್ಟದ್ದು ಏನೂ ಇಲ್ಲ. ಈ ಯೋಜನೆ ಬಗ್ಗೆ ನನಗೆ ಗೌರವ ಇದೆ, ಅದು ಇಲ್ಲದಿದ್ದರೆ ಇನ್ನೊಂದು ಬೋರಮಳ ಹುಡುಕಬೇಕಿತ್ತು. ಆದರೆ ಒಂದು ಮಾತು ಕೇಳಲೇಬೇಕು. ಆಸ್ಪತ್ರೆಯಲ್ಲಿ ಮಲಗಿದರೆ ಲಕ್ಷಗಟ್ಟಲೆ ಕೊಡುವ ಕಾರ್ಡು, ಮಲಗದ ಹಾಗೆ ನೋಡಿಕೊಳ್ಳುವ 850 ರೂಪಾಯಿ ಡಬ್ಬಿಗೆ ಯಾಕೆ ಕೊಡಲ್ಲ? ಇಡೀ ವರ್ಷದ ಸ್ಟ್ರಿಪ್ 25,000. ಅಷ್ಟನ್ನು ಸರ್ಕಾರವೇ ಕೊಟ್ಟಿದ್ದರೆ ಜನವರಿಯ ಆ ಆರು ದಿನ ಬರುತ್ತಿತ್ತೇ?

ಅರ್ಜಿ ಹಿಡಿದುಕೊಂಡು ನಾನೂ ಅವ್ವನೂ ಸಾಕಷ್ಟು ಓಡಾಡಿದೆವು. ಊರೂರಿಗೆ ಬಂದು ಶುಗರ್ ಬಿಪಿ ನೋಡುವ ಸರ್ಕಾರದ ಕಾರ್ಯಕ್ರಮ 30 ವರ್ಷ ದಾಟಿದವರಿಗೆ. 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳ ಪಟ್ಟಿ ಇದೆ. ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಅದರಲ್ಲಿ ಇವೆ. ಅವು ಇರಲೇಬೇಕು. ಟೈಪ್ 1 ಮಧುಮೇಹ ಇಲ್ಲ. ಹಾಗಾಗಿ ಅಂಗವಿಕಲರ ಕಾರ್ಡೂ ಇಲ್ಲ, ಪಿಂಚಣಿಯೂ ಇಲ್ಲ. ಒಂದು ಕಚೇರಿಯಲ್ಲಿ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಚಲೋನೇ ಅದಾಳಲ್ಲ" ಅಂದರು. ಹೌದು, ಚೆನ್ನಾಗಿಯೇ ಕಾಣುತ್ತಾಳೆ. ಹಾಗೆ ಕಾಣಿಸಲಿ ಅಂತ ಅವ್ವ ಪಡುವ ಪಾಡು ಅವರಿಗೆ ಕಾಣಲಿಲ್ಲ.

ಈಗ ನೋಟ್‌ಬುಕ್‌ನ ವಿಷಯ. ಆಸ್ಪತ್ರೆಯಿಂದ ಬಂದ ಮೇಲೆ ಫೆಬ್ರವರಿ ಮಾರ್ಚ್‌ನಲ್ಲಿ ಬಲಗಡೆ ಪುಟ ತುಂಬುತ್ತಾ ಬಂತು. 130, 142, 128, 135. ನನಗೆ ಎಷ್ಟು ಸಂತೋಷ ಆಯಿತು ಅಂದರೆ ಇಡೀ ತರಗತಿಯ ಮುಂದೆ ಹೊಗಳಿದೆ. ಏಪ್ರಿಲ್ ಮೊದಲ ವಾರ ಪರೀಕ್ಷೆ ಬರೆಯುವಾಗ ಅವಳ ಕೈ ನಡುಗಿ ಮೈಯೆಲ್ಲ ಬೆವರಿತು, ಸಕ್ಕರೆ ಇಳಿದಿತ್ತು. ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿದೆವು, ಕಾಲು ಗಂಟೆಯಲ್ಲಿ ಸರಿಹೋದಳು. ಎಷ್ಟಿದೆ ನೋಡೋಣ ಅಂತ ಅವಳ ಚೀಲದಿಂದ ಮಷೀನು ತೆಗೆದೆ. ಅದರಲ್ಲಿ ಹಿಂದಿನ ಲೆಕ್ಕವೆಲ್ಲ ತಾರೀಕು ಸಮೇತ ಉಳಿದಿರುತ್ತೆ. ಗುಂಡಿ ಒತ್ತುತ್ತಾ ಹೋದೆ. ನೋಟ್‌ಬುಕ್‌ನಲ್ಲಿ ಬರೆದ ದಿನಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಷೀನಿನಲ್ಲಿ ಇರಲೇ ಇಲ್ಲ. ನೋಡದೇ ಬರೆದಿದ್ದಳು.

ಯಾಕೆ ಅಂತ ಕೇಳಿದೆ. ಬಹಳ ಹೊತ್ತು ನೆಲ ನೋಡುತ್ತಾ ನಿಂತಳು. ಆಮೇಲೆ ನೋಟ್‌ಬುಕ್‌ನ ಎಡಗಡೆ ಪುಟ ತೋರಿಸಿ ಹೇಳಿದಳು, "ಒಂದಕ್ಕ ಹದಿನೇಳು ರೂಪಾಯಿ ರೀ ಸರ. ನಾ ಉಳಿಸೀನಿ."

ಆ ಪುಟ ಅವಳ ಕೈಗೆ ಸಿಗಬಾರದಿತ್ತು. ಲೆಕ್ಕ ಬೇಕಿತ್ತು, ಆದರೆ ಅದನ್ನು ಬರೆಯಬೇಕಾದವಳು ಅವಳಲ್ಲ. ಅವತ್ತಿನಿಂದ ಖರ್ಚಿನ ಪುಸ್ತಕ ನನ್ನ ಹತ್ತಿರ ಇದೆ, ಶನಿವಾರ ಅವ್ವ ಬಂದು ಹೇಳುತ್ತಾರೆ, ನಾನು ಬರೆಯುತ್ತೇನೆ. ಅವಳಿಗೆ ಶುಗರ್ ಬರೆಯೋಕೆ ಬೇರೆ ಸಣ್ಣ ಪುಸ್ತಕ ಕೊಟ್ಟಿದ್ದೇನೆ. ಎಷ್ಟು ಬಂದರೂ ಬೈಯಲ್ಲ, ಹೊಗಳೋದೂ ಇಲ್ಲ ಅಂತ ಮಾತು ಕೊಟ್ಟಿದ್ದೇನೆ. ಇಂಥ ಮನೆಗಳ ಜೊತೆ ಕೆಲಸ ಮಾಡುವವರು ಇದನ್ನು ಗಮನಿಸಬೇಕು. ಮಕ್ಕಳ ಮುಂದೆ ಖರ್ಚಿನ ಮಾತು ಆಡಿದರೆ ಅವರು ಕೇಳಿಸಿಕೊಳ್ಳುತ್ತಾರೆ, ತಮ್ಮ ಕೈಲಾದಷ್ಟು ಉಳಿಸೋಕೆ ನೋಡುತ್ತಾರೆ.

ಮೇ ತಿಂಗಳಲ್ಲಿ ಅಪ್ಪ ಊರಿಗೆ ಬಂದಾಗ ಅವರನ್ನೂ ರಾಯಚೂರಿಗೆ ಕಳಿಸಿದೆವು. ಎರಡು ದಿನ ಕೂತು ಕಲಿತರು. ದಿನಾ ಸಿಮೆಂಟ್ ಚೀಲ ಹೊರುವ ಕೈ ಮೊದಲ ಸಲ ಮಗಳ ತೊಡೆಗೆ ಸೂಜಿ ಹಾಕುವಾಗ ಗಡಗಡ ನಡುಗಿತಂತೆ. ಅವಳೇ, "ಏನೂ ಆಗಲ್ಲಪಾ, ಹಾಕು" ಅಂದಳಂತೆ. ನಾವು ನಾಲ್ಕು ಜನ ಶಿಕ್ಷಕರು ಸೇರಿ ತಿಂಗಳಿಗೆ ಒಂದು ಡಬ್ಬಿ ಕೊಡಿಸುತ್ತಿದ್ದೇವೆ. ಇದನ್ನು ದೊಡ್ಡ ವಿಷಯ ಅಂತ ಹೇಳುತ್ತಿಲ್ಲ, ಇದು ಪರಿಹಾರವೂ ಅಲ್ಲ. ನಮ್ಮಲ್ಲಿ ಇಬ್ಬರಿಗೆ ವರ್ಗಾವಣೆ ಆದರೆ ನಿಂತುಹೋಗುತ್ತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇನ್ಸುಲಿನ್ ಜೊತೆಗೆ ಸ್ಟ್ರಿಪ್ಪೂ ಕೊಡಬೇಕು, ನಾನು ಕೇಳುತ್ತಿರುವುದು ಇಷ್ಟೇ. 2025ರ ಸೆಪ್ಟೆಂಬರ್ 22ರಿಂದ ಸ್ಟ್ರಿಪ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಆಮೇಲೆ ಅಂಗಡಿಯವರು 800ಕ್ಕೆ ಒಂದು ಡಬ್ಬಿ ಕೊಟ್ಟರು. 50 ರೂಪಾಯಿ ಉಳಿಯಿತು, ಮೂರು ಸ್ಟ್ರಿಪ್. ಅವ್ವ ಅದನ್ನೂ ಬರೆಸಿದರು.

ಹೋದ ಶನಿವಾರ ಲೆಕ್ಕ ಬರೆಸಿ ಆದ ಮೇಲೆ ಅವ್ವ ಎದ್ದು ಹೋಗಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತಿದ್ದರು. ಈ ಸಲ ಹತ್ತಿ ಮುಗಿದ ಮೇಲೆ ಅವರೂ ಗುಳೆ ಹೋಗಬೇಕು ಅಂತಿದ್ದಾರೆ, ಮಗಳನ್ನು ಕರೆದುಕೊಂಡು. ಹಾಗಾದರೆ ಶಾಲೆ ತಪ್ಪುತ್ತೆ, ಅದು ಅವರಿಗೂ ಗೊತ್ತು. ಆದರೆ ಬೋರಮಳ ಒತ್ತೆ ಇಟ್ಟು ಎರಡು ವರ್ಷ ದಾಟಿತು. ಬಿಡಿಸದಿದ್ದರೆ ಮಾರಿಬಿಡುತ್ತೇವೆ ಅಂದಿದ್ದಾರಂತೆ.

"ಸರ, ಶೆಡ್ಡಿನ್ಯಾಗ ಗಡಿಗಿ ಇಟಗೊಂಡ್ರ ನಡೀತದೇನ್ರಿ?"

ಶಾಲೆಯ ಮಾತು ನನ್ನ ಬಾಯಿಯ ತನಕ ಬಂತು, ಆಡಲಿಲ್ಲ. ನಡೆಯುತ್ತೆ ಅಮ್ಮ, ಮರಳು ಒಣಗದ ಹಾಗೆ ನೋಡಿಕೊಳ್ಳಿ ಅಂದೆ.